ಮೊದಲ ರೀಲಿನಲ್ಲೇ ಸತ್ತ ಜಡ್ಜಿ

ಜಡ್ಜಿ ಮೊದಲನೆಯ ರೀಲಿನಲ್ಲೇ ಸತ್ತುಹೋದ. ಮೂರನೆಯ ರೀಲಿನಲ್ಲಿ ಮೀಸೆ ಚಿಗುರಿಸಿಕೊಂಡು ಕಾಲೇಜಿಗೆ ಸೇರಿದ. ಐದನೆಯದರಲ್ಲಿ ಮತ್ತೆ ಮಂಚದ ಮೇಲೆ ಮಲಗಿ ಏದುಸಿರು ಬಿಡುತ್ತಿದ್ದ. ಕೊಳ್ಳೇಗಾಲದ ನಮ್ಮ ಸಿನಿಮಾ ಡೇರೆಯ ಜನ ಅಲ್ಲಿಯವರೆಗೂ ತಾಳ್ಮೆಯಿಂದಲೇ ಇದ್ದರು ಎನ್ನಬೇಕು. ಆರನೆಯ ರೀಲಿನಲ್ಲಿ ಜಡ್ಜಿಗೆ ಮದುವೆಯಾಯಿತು. ಮಂಚದ ಪಕ್ಕದಲ್ಲಿ ತಾಳಿ ಹಿಡಿದುಕೊಂಡು ಆಗಲೇ ಎರಡು ಸಲ ಅತ್ತು ಮುಗಿಸಿದ್ದ ಹೆಂಗಸು ಈಗ ಹಸೆಮಣೆಯ ಮೇಲೆ ಕುಳಿತು ನಾಚಿಕೊಂಡಳು. ಆಗ ಮರಳಿನ ಮೇಲೆ ಕುಳಿತಿದ್ದ ನೆಲದ ಟಿಕೆಟ್ಟಿನವರಲ್ಲಿ ಒಬ್ಬ ಎದ್ದು ನಿಂತ. ತೆರೆಯ ಕಡೆಗಲ್ಲ, ಹಿಂದಕ್ಕೆ ತಿರುಗಿ, ನಾನಿದ್ದ ತಗಡಿನ ಗೂಡಿನ ಕಡೆಗೆ ನೋಡಿ ಕೂಗಿದ:

“ಲೇ ಆಪರೇಟ್ರು! ರೀಲ್ ಕಲಸ್ಬುಟ್ಟಿದ್ದೀಯ ಕಣ್ಲಾ!”

ಅದರ ಬೆನ್ನಿಗೇ ಶಿಳ್ಳೆ. ಹೆಂಗಸರ ಕಡೆಯಿಂದ ಒಂದು ದನಿ, “ಮದ್ವೆಗ್ ಮುಂಚೇನೇ ತಾಳಿ ಕಟ್ಕಂಡಿದ್ಲಲ್ಲವ್ವಾ ಇವ್ಳು!” ಎಂದಿತು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಾನೋ, ಹಾಕಿದ ಬೀಗವನ್ನು ಬೀದಿಯ ತುದಿಯಿಂದ ವಾಪಸು ಬಂದು ಎಳೆದು ನೋಡುವ ಜಾತಿ. ನಲವತ್ತಾರು ತುಂಬಿದರೂ ಆ ಚಾಳಿ ಹೋಗಿಲ್ಲ. ಜನ ಹಾಗೆಂದ ಕೂಡಲೇ ನಾನೂ ಹಾಗೆಯೇ ಅಂದುಕೊಂಡೆ: ಕಲಸಿಬಿಟ್ಟಿದ್ದೇನೆ. ಯಂತ್ರ ಓಡುತ್ತಿದ್ದಂತೆಯೇ ಕೈಬ್ಯಾಟರಿ ಹಿಡಿದು ಡಬ್ಬಿಗಳ ಮೇಲಿನ ನಂಬರು ನೋಡಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಇನ್ನೂ ಸಮಾಧಾನವಾಗದೆ ಸುತ್ತಿಟ್ಟ ಸುರುಳಿಗಳ ತುದಿ ಬಿಚ್ಚಿ, ಫಿಲಮ್ಮಿನ ಮೇಲೇ ಅಚ್ಚಾಗಿದ್ದ ನಂಬರು ನೋಡಿದೆ. ಅದೂ ಸರಿಯಾಗಿತ್ತು. ಎಲ್ಲ ಸರಿಯಾಗಿದ್ದೂ ಎಲ್ಲ ತಪ್ಪಾಗಿರುವ ಸ್ಥಿತಿಗೆ ನನ್ನಲ್ಲಿ ಔಷಧವಿರಲಿಲ್ಲ.

ಚಿತ್ರದ ಜೊತೆಗೆ ಹಂಚಿಕೆ ಕಂಪನಿಯ ಒಬ್ಬ ರೆಪ್ರೆಸೆಂಟೇಟಿವ್ ಬಂದಿದ್ದರು. ಬೆಂಗಳೂರಿನವರು, ಸಣಕಲು ಮೈ, ಕಂಕುಳಲ್ಲಿ ಕೊಡೆ. ಪ್ರಿಂಟು ಎಲ್ಲಿಗೆ ಹೋದರೂ ಹಿಂದೆಯೇ ಹೋಗುವುದು, ಡಬ್ಬಿಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗುವುದು ಅವರ ಕೆಲಸ. ಅವರು ಗೂಡಿನ ಬಾಗಿಲಲ್ಲಿ ನಿಂತು ನನ್ನ ಪರದಾಟ ನೋಡುತ್ತಿದ್ದರು.

“ಏನೂ ಕಲಸಿಲ್ಲ ನೀವು. ಚಿತ್ರವೇ ಹಾಗೆ. ಅವನು ಸಾಯುವಾಗ ಹಳೆಯದನ್ನೆಲ್ಲ ನೆನೆಸಿಕೊಳ್ಳುತ್ತಾನೆ. ನೆನಪು ಕ್ರಮವಾಗಿ ಬರುತ್ತದೆಯೇನ್ರೀ? ಇದು ಬುದ್ಧಿವಂತರಿಗೆ ತೆಗೆದ ಚಿತ್ರ.”

“ಇದನ್ನ ಮೊದಲೇ ಹೇಳಬಾರದಿತ್ತೇ ಸ್ವಾಮಿ?”

“ಹೇಳಿದ್ದರೆ ನಿಮ್ಮ ಸಾಹುಕಾರರು ತಗೊಳ್ತಿದ್ದರೇ?”

ನಮ್ಮ ಸಾಹುಕಾರರಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಡೇರೆಗಳಿದ್ದವು. ಯಂತ್ರ ಒಂದೇ, ಆಪರೇಟರ್ ಒಬ್ಬನೇ. ನಾನು ಮತ್ತು ಯಂತ್ರ ಲಾರಿ ಹತ್ತಿ ಯಾವ ಊರಿಗೆ ಹೋದರೆ ಆ ವಾರ ಅಲ್ಲಿ ಸಿನಿಮಾ. ಜಡ್ಜಿಯ ಚಿತ್ರವನ್ನು ಅವರು ಮೂರು ಊರಿಗೂ, ಊರಿಗೊಂದು ವಾರದಂತೆ ಗೊತ್ತುಮಾಡಿಕೊಂಡು ಬಂದಿದ್ದರು. ಪೋಸ್ಟರಿನಲ್ಲಿ ಕುದುರೆ ಇತ್ತು, ಅದನ್ನು ನೋಡಿ ಒಪ್ಪಿಕೊಂಡಿದ್ದರು. ಹದಿನಾಲ್ಕು ರೀಲಿನಲ್ಲಿ ಕುದುರೆ ಬರುವುದು ಒಂದೇ ಸಲ, ಅದೂ ಕಟ್ಟಿಹಾಕಿದ್ದು. ಉಳಿದದ್ದೆಲ್ಲ ಬಹಳ ನಿಧಾನ. ಜಡ್ಜಿಯ ತಾಯಿ ಬಾವಿಯಲ್ಲಿ ನೀರು ಸೇದಿದರೆ ಬಿಂದಿಗೆ ಕಂಠದವರೆಗೆ ತುಂಬುವ ತನಕ ಕ್ಯಾಮೆರಾ ಕದಲುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದ ನನ್ನ ಹೆಂಡತಿಯನ್ನು ಕೇಳಿದೆ. ಅವಳೂ ಹಿಂದಿನ ಸಂಜೆ ಹೆಂಗಸರ ಬೆಂಚಿನಲ್ಲಿದ್ದಳು.

“ನಿಂಗೂ ನಾನು ಕಲಸಿದ್ದೀನಿ ಅನ್ನಿಸ್ತಾ?”

ಅವಳು ರಾಟೆ ನಿಲ್ಲಿಸಲಿಲ್ಲ. “ಅನ್ನುಸ್ತು ಕಣ್ರಿ. ಮನೆ ಮರ್ವಾದೆ ಅಂತ ಬಾಯ್ ಬುಡ್ಲಿಲ್ಲ. ಪಕ್ಕದ್ ಬೀದಿಯವ್ಳು, ನಿಮ್ಮೆಜಮಾನ್ರಿಗೆ ಕಣ್ಣು ಮಂಜೇನವ್ವಾ ಅಂತ ಕೇಳುದ್ಲು. ಊಂ ಅಂದ್ಬುಟ್ಟೆ. ಬುದ್ಧಿ ಮಂಜು ಅನ್ನಕ್ಕಿಂತ ವಾಸಿ ಅಲ್ವಾ?”

ನನ್ನ ಭಯಕ್ಕೆ ಬೇರು ಇತ್ತು. ಹಿಂದಿನ ವರ್ಷ ಯಳಂದೂರಿನಲ್ಲಿ ಒಂದು ಪುರಾಣದ ಚಿತ್ರ ಓಡಿಸುವಾಗ ನಾನು ನಿಜವಾಗಿಯೂ ಎಂಟನೆಯ ರೀಲಿಗೆ ಮೊದಲು ಒಂಬತ್ತನ್ನು ಹಾಕಿಬಿಟ್ಟಿದ್ದೆ. ಒಂಬತ್ತರಲ್ಲಿ ತಲೆ ಉರುಳಿಸಿಕೊಂಡ ರಾಕ್ಷಸ ಎಂಟರಲ್ಲಿ ಗದೆ ತಿರುಗಿಸುತ್ತ ಬಂದ. ಡೇರೆಯಲ್ಲಿ ಒಬ್ಬರೂ ಚಕಾರವೆತ್ತಲಿಲ್ಲ. ರಾಕ್ಷಸನಿಗೆ ಅದೆಲ್ಲ ಸಾಧ್ಯವೆಂದು ಕೈಮುಗಿದು ಮನೆಗೆ ಹೋದರು. ತಪ್ಪು ಗೊತ್ತಾದದ್ದು ನನಗೆ ಮತ್ತು ಟಿಕೆಟ್ಟು ಹರಿಯುವ ನಮ್ಮ ಗೇಟಿನವನಿಗೆ ಮಾತ್ರ. ಅವನು ಒಳ್ಳೆಯವನೇ, ಆದರೆ ಬಾಯಿಗೆ ಗೇಟಿಲ್ಲದವನು. ನನ್ನ ಪರವಾಗಿ ಮಾತಾಡುವ ಉತ್ಸಾಹದಲ್ಲಿ ಸಾಹುಕಾರರ ಮುಂದೆ ಹೇಳಿಬಿಟ್ಟ: “ಬುದ್ಧಿ, ಓದೊರ್ಷ ಯಳಂದೂರಲ್ಲಿ ಕಲಸ್ದಾಗ ಒಬ್ರೂ ಕೇಳ್ಲಿಲ್ಲ. ಈ ಸಲ ಕಲಸ್ದೆನೇ ಬಯ್ತಾವ್ರೆ!”

ಸಾಹುಕಾರರು ಹಣೆಯ ವಿಭೂತಿ ಒಡೆಯುವಂತೆ ಹುಬ್ಬು ಗಂಟಿಕ್ಕಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

“ಆಪರೇಟ್ರೇ, ನಿಮ್ಮ ಮ್ಯಾಲೆ ನಂಗೇನೂ ಕ್ವಾಪ ಇಲ್ಲ. ಜನ ಡೇರೆ ಮ್ಯಾಲೆ ನಂಬ್ಕೆ ಕಳ್ಕಂಡ್ರೆ ಕಳ್ಕಂಡಂಗೇ. ಮೈಸೂರಲ್ಲಿ ಒಬ್ಬ ಆಪರೇಟ್ರು ಅವ್ನೆ, ಬತ್ತೀನಿ ಅಂತವ್ನೆ. ಅನೂರು, ಯಳಂದೂರು ಎರ್ಡು ಊರು ನೋಡ್ತೀನಿ. ಅಲ್ಲೂ ಇಂಗೇ ಆದ್ರೆ ಮಿಷನ್ ಅವ್ನಿಗೆ ಬುಟ್ಕೊಡಿ. ನಿಮ್ಗೆ ಬ್ಯಾರೆ ಏನಾರ ಕೆಲ್ಸ ಕೊಡ್ತೀನಿ.”

ಬೇರೆ ಕೆಲಸವೆಂದರೆ ಏನೆಂದು ನನಗೆ ಗೊತ್ತಿತ್ತು. ಹಗಲು ಗಾಡಿಯ ಮೇಲೆ ಕುಳಿತು ತಮಟೆ ಹೊಡೆಸುತ್ತ ಚೀಟಿ ಹಂಚುವುದು. ಹದಿನೇಳು ವರ್ಷ ಯಂತ್ರದ ಪಕ್ಕದಲ್ಲಿ ನಿಂತವನಿಗೆ ಅದರೊಳಗೆ ಉರಿಯುವ ಕಾರ್ಬನ್ ಕಡ್ಡಿಯ ಬೆಳಕಿಲ್ಲದ ಸಂಜೆ ಹೇಗಿರುತ್ತದೆಂದು ಯೋಚಿಸಿದರೆ ಅನ್ನ ಸೇರದಂತಾಯಿತು. ಸೇರದಿದ್ದರೂ ತಿಂದೆ, ಅನ್ನ ಬಿಟ್ಟರೆ ಇನ್ನೊಂದು ಚಿಂತೆ ಶುರುವಾಗುತ್ತಿತ್ತು.

ಕೊಳ್ಳೇಗಾಲದ ಉಳಿದ ದಿನಗಳಲ್ಲಿ ನಾನು ಮಾಡಿದ ಉಪಾಯ ಗಾಜಿನ ಸ್ಲೈಡು. ಗಾಜಿಗೆ ದೀಪದ ಮಸಿ ಹಿಡಿಸಿ, ಸೂಜಿಯಿಂದ ಅಕ್ಷರ ಕೆರೆದು ತೆರೆಯ ಮೇಲೆ ತೋರಿಸುವುದು. ಆದರೆ ಒಂದೇ ಯಂತ್ರವಾದ್ದರಿಂದ ಸುರುಳಿ ಬದಲಾಯಿಸುವ ಬಿಡುವಿನಲ್ಲಿ ಮಾತ್ರ ಸ್ಲೈಡು ತೋರಿಸಲು ಸಾಧ್ಯ. ಜಡ್ಜಿಯೋ ರೀಲಿನ ನಡುವೆ ಎಲ್ಲೆಂದರಲ್ಲಿ ಹಿಂದಕ್ಕೆ ಹೋಗುತ್ತಿದ್ದ. ಬಹಳ ಯೋಚಿಸಿ ಬರೆದೆ: ‘ಮುಂದಿನ ರೀಲಿನಲ್ಲಿ ಹಿಂದಿನ ಕಥೆ ಬರುತ್ತದೆ.’ ಓದು ಬಂದವರು ಗಟ್ಟಿಯಾಗಿ ಓದಿದರು, ಬಾರದವರು ಅರ್ಥ ಕೇಳಿದರು, ಅರ್ಥ ಹೇಳಲು ಹೋದವರು ಜಗಳವಾಡಿದರು. ಮೂರನೆಯ ದಿನ ಗೂಡಿನ ತಗಡಿಗೆ ಒಂದು ಮಣ್ಣುಹೆಂಟೆ ಬಂದು ಬಿತ್ತು. ಸ್ಲೈಡನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟೆ.

ವಾರ ಮುಗಿಸಿ ಹನೂರಿಗೆ ಹೋದೆವು. ಅಲ್ಲಿಗೆ ತಲುಪುತ್ತಿದ್ದಂತೆ ರೆಪ್ರೆಸೆಂಟೇಟಿವ್ ಮಹಾಶಯರಿಗೆ ಭಕ್ತಿ ಉಕ್ಕಿತು. ಮಾದಪ್ಪನ ಬೆಟ್ಟ ಇಷ್ಟು ಹತ್ತಿರ ಬಂದು ನೋಡದೆ ಹೋದರೆ ಮನೆಯವರು ಬಿಡುವುದಿಲ್ಲವೆಂದು, ಡಬ್ಬಿಗಳನ್ನು ನನಗೆ ಒಪ್ಪಿಸಿ, ಕೊಡೆಯೊಂದಿಗೆ ಹೊರಟುಬಿಟ್ಟರು. ಮೂರು ದಿನ ಬರುವುದಿಲ್ಲವೆಂದಾಯಿತು. ಸಾಹುಕಾರರು ಅದಕ್ಕೇ ಕಾಯುತ್ತಿದ್ದವರಂತೆ ಮಧ್ಯಾಹ್ನ ಡೇರೆಗೆ ಬಂದರು.

“ಅವ್ನು ಬರಾಗಂಟ ಪುರ್ಸತ್ತು ಐತೆ. ಕತ್ತರಿ ತಕಳಿ. ಉಟ್ಟಿದ್ದು ಮೊದ್ಲು, ಮದ್ವೆ ಆಮ್ಯಾಕೆ, ಸತ್ತಿದ್ದು ಕಡೀಕೆ. ಲೋಕದಲ್ಲಿ ಎಂಗೈತೋ ಅಂಗೆ ಅಂಟಿಸ್ಬುಡಿ.”

ನಾನು ಚಾಪೆ ಹಾಸಿ, ಬ್ಲೇಡು, ಅಂಟಿನ ಸೀಸೆ, ಒದ್ದೆ ಗೋಣಿ ಎಲ್ಲ ಇಟ್ಟುಕೊಂಡು ಕುಳಿತೆ. ಫಿಲಂ ಎಂದರೆ ಸಿಡಿಮದ್ದಿನ ಚಿಕ್ಕಪ್ಪನ ಮಗ. ಒಂದು ಕಿಡಿ ತಾಗಿದರೆ ಡಬ್ಬಿಯಲ್ಲ, ಡೇರೆಯೇ ಹೋಗುತ್ತದೆ. ಗೇಟಿನವನ ಬೀಡಿಯನ್ನು ಕಸಿದು ದೂರಕ್ಕೆ ಎಸೆದು, ಅವನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಇಡೀ ಚಿತ್ರವನ್ನು ಬೆರಳ ನಡುವೆ ಹಾಯಿಸಿ ಬಿಸಿಲಿಗೆ ಹಿಡಿದು ನೋಡಿದೆ. ಕಥೆ ಹಿಂದಕ್ಕೂ ಮುಂದಕ್ಕೂ ಜಿಗಿಯುವುದು ಒಟ್ಟು ಇಪ್ಪತ್ತಮೂರು ಕಡೆ. ಅಷ್ಟೂ ಕಡೆ ಕತ್ತರಿಸಬೇಕು. ಪ್ರತಿ ತುದಿಯಲ್ಲೂ ಫಿಲಮ್ಮಿನ ಮೇಲಿನ ಲೇಪ ಕೆರೆದು, ಅಂಟು ಸವರಿ, ಒಣಗುವವರೆಗೆ ಒತ್ತಿ ಹಿಡಿಯಬೇಕು. ಪ್ರತಿ ಬೆಸುಗೆಗೂ ಒಂದೊಂದು ಫ್ರೇಮು ಹಾಳು. ದನಿ ಅಲ್ಲಿ ಬಿಕ್ಕಳಿಸುತ್ತದೆ. ಆಮೇಲೆ ರೆಪ್ರೆಸೆಂಟೇಟಿವ್ ಬರುವುದರೊಳಗೆ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಬೇಕು. ಮತ್ತೆ ಅಷ್ಟು ಹಾಳು.

ಬ್ಲೇಡನ್ನು ಮೊದಲ ಜಾಗದ ಮೇಲೆ ಇಟ್ಟೆ. ಒತ್ತಲಾಗಲಿಲ್ಲ. ಪ್ರಿಂಟು ವಾಪಸು ಹೋಗುವಾಗ ‘ಎಲ್ಲಿಯೂ ಕತ್ತರಿಸಿಲ್ಲ’ ಎಂಬ ಕಾಗದಕ್ಕೆ ರುಜು ಹಾಕುವವನು ನಾನು. ಕಲಸಿದ್ದೇನೆಂಬ ಸುಳ್ಳು ಅಪವಾದ ತಪ್ಪಿಸಿಕೊಳ್ಳಲು ಕತ್ತರಿಸಿದ್ದೇನೆಂಬ ನಿಜವಾದ ಅಪವಾದ ತಲೆಗೆ ಕಟ್ಟಿಕೊಳ್ಳುವಷ್ಟು ಧೈರ್ಯ ನನಗಿರಲಿಲ್ಲ. ಪುಣ್ಯಕ್ಕೆ ನನ್ನ ಹೇಡಿತನವೂ ನಿಯತ್ತೂ ಆ ಮಧ್ಯಾಹ್ನ ಒಂದೇ ಕಡೆ ನಿಂತಿದ್ದವು.

“ಕತ್ತರ್ಸಲ್ವಾ ಸಾ?” ಎಂದ ಗೇಟಿನವನು.

“ಇಲ್ಲ ಕಣೋ. ಇಡೀ ಇಡೀ ರೀಲನ್ನೇ ಹಿಂದೆಮುಂದೆ ಮಾಡಿ ನೋಡೋಣ.”

“ಅಂದ್ರೆ ಈಗ ನಿಜ್ವಾಗ್ಲೂ ಕಲಸ್ತೀರ?”

ಹೌದು. ಮಾಡದ ತಪ್ಪಿಗೆ ಒಂದು ವಾರ ಬೈಸಿಕೊಂಡ ಮೇಲೆ, ಅದೇ ತಪ್ಪನ್ನು ಕೂತು ಲೆಕ್ಕಾಚಾರ ಹಾಕಿ ಮಾಡಿದೆ. ಎಳೆಯ ಜಡ್ಜಿ ಹೆಚ್ಚಾಗಿ ಬರುವ ರೀಲುಗಳು ಮೊದಲು, ಸಾಯುವ ಜಡ್ಜಿ ಹೆಚ್ಚಾಗಿ ಬರುವ ಐದು ರೀಲುಗಳು ಒಟ್ಟಿಗೆ ಕೊನೆಗೆ. ಸತ್ತುಹೋಗುವ ಮೊದಲ ರೀಲು ಎಲ್ಲಕ್ಕಿಂತ ಕೊನೆಗೆ.

ಹನೂರಿನ ಮೊದಲ ಆಟದಲ್ಲಿ ಶಿಳ್ಳೆ ಇಲ್ಲ, ಕೂಗಿಲ್ಲ. ಕಾಲು ಗಂಟೆ ನಾನು ಬಹಳ ಸುಖವಾಗಿದ್ದೆ. ಆಮೇಲೆ ಗೊರಕೆ ಕೇಳಿಸಿತು. ಅಷ್ಟು ದಿನ ನಮಗೆ ಹೊಳೆಯದಿದ್ದ ಸಂಗತಿ ಅಂದು ಹೊಳೆಯಿತು: ಕಥೆಯನ್ನು ನೇರ ಮಾಡಿದರೆ ಅದರಲ್ಲಿ ಕಥೆಯೇ ಇಲ್ಲ. ಒಬ್ಬ ಹುಡುಗ ಓದುತ್ತಾನೆ, ಜಡ್ಜಿಯಾಗುತ್ತಾನೆ, ಮದುವೆಯಾಗುತ್ತಾನೆ, ಮುದುಕನಾಗುತ್ತಾನೆ. ಆಮೇಲೆ ಮಂಚ. ಮುಕ್ಕಾಲು ಗಂಟೆ ಮಂಚ. ಕೊನೆಗೆ ಆ ಮೊದಲನೆಯ ರೀಲು ಹಾಕಿದೆನಲ್ಲ, ಅದರ ತಲೆಯಲ್ಲಿ ಚಿತ್ರದ ಹೆಸರು, ನಟನಟಿಯರ ಹೆಸರು, ಸಂಗೀತದವರ ಹೆಸರು ಎಲ್ಲ ಇದ್ದದ್ದು ನನಗೆ ಮರೆತೇಹೋಗಿತ್ತು. ಎರಡೂವರೆ ಗಂಟೆಯ ಮೇಲೆ ಮೇಳದ ಸದ್ದಿನೊಂದಿಗೆ ಹೆಸರುಗಳು ಬಂದವು. ಮಲಗಿದ್ದವರೆಲ್ಲ ಎದ್ದು, ಪಿಚ್ಚರ್ ಈಗ ಶುರುವಾಯಿತೆಂದು ಕಣ್ಣುಜ್ಜಿಕೊಂಡು ನೆಟ್ಟಗೆ ಕುಳಿತರು. ಹತ್ತು ನಿಮಿಷದಲ್ಲಿ ಜಡ್ಜಿ ಸತ್ತ, ದೀಪ ಹತ್ತಿತು. ಆಗ ಆ ಜನ ನೋಡಿದ ನೋಟಕ್ಕಿಂತ ಕೊಳ್ಳೇಗಾಲದ ಮಣ್ಣುಹೆಂಟೆ ಎಷ್ಟೋ ಮೃದು.

ಮಾರನೆಯ ಬೆಳಿಗ್ಗೆ ಯಂತ್ರದ ಗಾಜು ಒರೆಸುತ್ತಿದ್ದಾಗ ಡೇರೆಯ ಹತ್ತಿರ ಒಬ್ಬ ಮುದುಕ ಬಂದ. ಕಂಸಾಳೆ ಹಿಡಿದು ಊರೂರಿನಲ್ಲಿ ಮಾದಪ್ಪನ ಕಥೆ ಹಾಡುವವನು; ಕೊರಳಲ್ಲಿ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ. ಹಿಂದಿನ ಸಂಜೆ ತೆರೆಯ ಮುಂದೆಯೇ ಕುಳಿತು ನಿದ್ದೆ ಮಾಡದೆ ನೋಡಿದ್ದವನು ಅವನೊಬ್ಬನೇ.

“ಸಾ, ಅದ್ಯಾಕೆ ಎಸ್ರು ಕಡೀಕೆ ಬಂತು?” ಎಂದ.

ಕಸಬುದಾರನ ಪ್ರಶ್ನೆ. ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿದೆ. ಚಿತ್ರ ನಿಜವಾಗಿ ಹೇಗಿದೆ, ಕೊಳ್ಳೇಗಾಲದವರು ಏನೆಂದರು, ನಾನು ಏನು ಮಾಡಿದೆ. ಮುದುಕ ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿದ.

“ಅಷ್ಟೇಯಾ? ಇಂದ್ಕೂ ಮುಂದ್ಕೂ ಓದ್ರೆ ಅದ್ರಲ್ಲಿ ತ್ಯಪ್ಪೇನು ಸಾ? ನಾವು ಆಡ್ವಾಗ ಓಗಕಿಲ್ವಾ? ಮಾದಪ್ಪ ಕಾಡ್ನಲ್ಲಿ ಉಲಿ ಮ್ಯಾಲೆ ಬತ್ತಾ ಇರ್ತಾನೆ, ಅಷ್ಟ್ರಲ್ಲಿ ಯಾರೋ ಅವ್ನ ಉಟ್ಟಿದ್ ಕತೆ ಕೇಳ್ತಾರೆ. ಉಲೀನ ಅಲ್ಲೇ ನಿಲ್ಸಿ ತೊಟ್ಲಿಗೆ ಓಯ್ತೀವಿ. ಬೆಳಗಾನ ಕುಂತ್ ಕೇಳೋರು ಒಬ್ರೂ ತಬ್ಬಿಬ್ಬಾಗಕಿಲ್ಲ.”

“ಅದು ಹೇಗೆ?”

“ಓಗೋ ಮುಂಚೆ ಯೋಳ್ತೀವಲ್ಲ! ತಾಳ ನಿಲ್ಲಿಸ್ತೀನಿ. ದನಿ ಬದಲಾಯಿಸ್ತೀನಿ. ತೊಟ್ಲು ಮುಗ್ಯಗಂಟ ಅದೇ ದನಿ. ತಿರ್ಗ ಉಲೀ ತಾವ್ಕೆ ಬಂದಾಗ ಮೊದ್ಲಿನ್ ದನಿ. ಕೇಳೋರ ಕೈ ಇಡ್ಕಂಡು ಕರ್ಕಂಡೋಗ್ಬೇಕು ಸಾ. ನಿಮ್ಮ ಪಿಚ್ಚರ್ ಮಾಡ್ದೋನು ಜನ್ರ ಕೈ ಬುಟ್ಟು ತಾನೊಬ್ನೇ ಓಗ್ಬುಟ್ಟವ್ನೆ.”

ಅವನು ಹೋದ ಮೇಲೆ ನಾನು ಬಹಳ ಹೊತ್ತು ಗಾಜು ಒರೆಸುತ್ತಲೇ ಇದ್ದೆ. ದನಿ ಬದಲಾಯಿಸುವುದು ನನ್ನ ಕೈಯಲ್ಲಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಬೆಳಕು. ಡೇರೆ ಸಿನಿಮಾಗಳಲ್ಲಿ ಹಾಡು, ಕುಣಿತ ಬಂದಾಗ ಆಪರೇಟರು ಲೆನ್ಸಿನ ಮುಂದೆ ಕೆಂಪು, ಹಸಿರು ಜಿಲೇಟಿನ್ ಕಾಗದ ಹಿಡಿದು ತೆರೆಗೆ ಬಣ್ಣ ಬರಿಸುವುದು ವಾಡಿಕೆ. ಜಡ್ಜಿಯ ಚಿತ್ರದಲ್ಲಿ ಕುಣಿತವಿಲ್ಲದ್ದರಿಂದ ಆ ಕಾಗದಗಳು ಟ್ರಂಕಿನ ತಳದಲ್ಲೇ ಇದ್ದವು. ತೆಗೆದು ನೋಡಿದೆ. ಕೆಂಪು ಹರಿದಿತ್ತು, ಹಸಿರನ್ನು ಇಲಿ ಕಡಿದಿತ್ತು. ಹಳದಿ ನಾಲ್ಕು ಹಾಳೆ ಚೆನ್ನಾಗಿತ್ತು.

ಹಳೆಯದೆಲ್ಲ ಹಳದಿ, ಈಗಿನದು ಬಿಳಿ. ಒಂದು ರೀಲೂ ಜಾಗ ಬದಲಾಯಿಸುವುದು ಬೇಡ, ಒಂದು ಕಡೆಯೂ ಕತ್ತರಿಸುವುದು ಬೇಡ.

ಅಂದೇ ರೀಲುಗಳನ್ನು ಮೊದಲಿನ ಕ್ರಮಕ್ಕೆ ತಂದೆ. ಒಡೆದ ಸ್ಲೇಟೊಂದರ ಚೌಕಟ್ಟಿಗೆ ಹಾಳೆ ಬಿಗಿದು ಲೆನ್ಸಿನ ಮುಂದೆ ಹಿಡಿದು ಓಡಿಸಿದೆ. ಚೆನ್ನಾಗಿಯೇ ಶುರುವಾಯಿತು. ಆದರೆ ಯಂತ್ರದ ದೀಪವೆಂದರೆ ಎರಡು ಕಾರ್ಬನ್ ಕಡ್ಡಿಗಳ ನಡುವಿನ ಉರಿ. ಕಡ್ಡಿ ಸವೆದಂತೆಲ್ಲ ತಿರುಗಿಸಿ ಹತ್ತಿರ ತರುತ್ತಿರಬೇಕು. ಒಂದು ಕೈ ಕಡ್ಡಿಗೆ, ಒಂದು ಕೈ ಹಳದಿಗೆ, ಕಣ್ಣು ತೆರೆಯ ಮೇಲೆ. ಎಂಟನೆಯ ಸಲ ಜಿಗಿಯುವಾಗ ಕಡ್ಡಿ ತಿರುಗಿಸುತ್ತಿದ್ದ ನಾನು ಹಳದಿ ತೆಗೆಯುವುದನ್ನೇ ಮರೆತೆ. ಮಂಚದ ಮೇಲಿನ ಜಡ್ಜಿ, ಹೆಂಡತಿ, ಔಷಧದ ಸೀಸೆ ಎಲ್ಲ ಹಳದಿಯಾಗಿಬಿಟ್ಟವು.

“ಜಡ್ಜಿಗೆ ಕಾಮಾಲೆ ಆಗೋಯ್ತು ಕಣ್ರಪ್ಪೋ!” ಎಂದು ಯಾರೋ ಕೂಗಿದರು. ಡೇರೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಬಿಸಿಗೆ ಹಾಳೆಯ ಅಂಚೂ ಹಪ್ಪಳದಂತೆ ಸುರುಳಿಕೊಂಡಿತು.

ಎರಡು ಕೈಯಿಂದ ಆಗುವ ಕೆಲಸ ಇದಲ್ಲ. ಗೇಟಿನವನಿಗೆ ಹಿಡಿಯಲು ಕೊಟ್ಟು ನೋಡಿದೆ. ಅವನು ಕಥೆಯಲ್ಲಿ ಮುಳುಗಿ, ಅಳು ಬಂದಾಗಲೆಲ್ಲ ಚೌಕಟ್ಟಿನಿಂದ ಗಾಳಿ ಬೀಸಿಕೊಂಡ. ಇಪ್ಪತ್ತಮೂರು ಜಿಗಿತಗಳೂ ಬಾಯಿಪಾಠವಾಗಿದ್ದು, ಈ ಚಿತ್ರವನ್ನು ನೋಡಿ ನೋಡಿ ಯಾವ ಭಾವವೂ ಉಳಿದಿಲ್ಲದ ಮನುಷ್ಯ ಬೇಕಾಗಿತ್ತು. ಹಾಗೆ ಯೋಚಿಸುತ್ತಿರುವಾಗಲೇ ರೆಪ್ರೆಸೆಂಟೇಟಿವ್ ಬೆಟ್ಟದಿಂದ ಮುಡಿ ಕೊಟ್ಟು, ನುಣ್ಣನೆಯ ತಲೆಯ ಮೇಲೆ ಕೊಡೆ ಬಿಚ್ಚಿಕೊಂಡು ಬಂದಿಳಿದರು.

ಮುಚ್ಚಿಡುವ ಶಕ್ತಿ ನನಗಿಲ್ಲ. ಪ್ರಸಾದ ಕಣ್ಣಿಗೊತ್ತಿಕೊಂಡು, ರೀಲು ಹಿಂದೆಮುಂದೆ ಮಾಡಿದ್ದರಿಂದ ಹಿಡಿದು ಕಾಮಾಲೆಯವರೆಗೆ ಎಲ್ಲ ಒಪ್ಪಿಸಿದೆ. ಅವರ ಮುಖ ಕೆಂಪಾಯಿತು. ತಲೆಯೂ ಕೆಂಪಾಯಿತು, ಈಗ ಕಾಣುತ್ತಿತ್ತಲ್ಲ.

“ಕಂಪನಿಗೆ ಬರೆಯುತ್ತೇನೆ! ಚಿತ್ರಕ್ಕೆ ನೀವು ಬಣ್ಣ ಬಳಿಯೋದಾ?”

“ಚಿತ್ರಕ್ಕೆ ಬಳಿದಿಲ್ಲ ಸ್ವಾಮಿ, ಪ್ರಿಂಟು ಬೇಕಾದರೆ ನೋಡಿ. ನಾನು ಕಾಗದ ಹಿಡಿದದ್ದು ಗಾಳಿಯಲ್ಲಿ. ಆ ಗಾಳಿ ಡೇರೆಯೊಳಗಿನದು.”

ಅವರು ಒಂದೊಂದೇ ಡಬ್ಬಿ ತೆಗೆದು ಫಿಲಂ ಎಳೆದು ನೋಡಿದರು. ಎಲ್ಲಿಯೂ ಹೊಸ ಬೆಸುಗೆ ಇರಲಿಲ್ಲ. ಕೋಪ ಸ್ವಲ್ಪ ಇಳಿಯಿತು.

“ಈ ಚಿತ್ರ ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ,” ಎಂದೆ. “ನೀವು ಹಿಡಿದರೆ ಒಂದೂ ತಪ್ಪುವುದಿಲ್ಲ. ಯಳಂದೂರಿನಲ್ಲೂ ಜನ ಕೂಗಿದರೆ ಯಂತ್ರ ನನ್ನ ಕೈತಪ್ಪುತ್ತದೆ. ಅದು ನನ್ನ ಹಣೆಬರಹ ಅನ್ನಿ. ಆದರೆ ಜನ ಬೈಯುವಾಗ ನೀವೂ ಊರೂರಿನಲ್ಲಿ ನನ್ನಂಥವರ ಪಕ್ಕದಲ್ಲೇ ನಿಂತಿರುತ್ತೀರಲ್ಲ. ನಿಮಗೆ ಬೇಸರವಾಗಿಲ್ಲವೇ?”

ಅವರು ಕೊಡೆಯ ತುದಿಯಿಂದ ಮಣ್ಣು ಕೆದಕುತ್ತ ನಿಂತರು. ಆಮೇಲೆ ಮೆತ್ತಗೆ ಕೇಳಿದರು: “ಒಂಬತ್ತನೆಯ ರೀಲಿನಲ್ಲಿ ಕಾಲೇಜು ಹುಡುಗ ತನ್ನ ಬಾಲ್ಯ ನೆನೆಸಿಕೊಳ್ಳುತ್ತಾನಲ್ಲ. ಹಳೆಯದರೊಳಗೆ ಇನ್ನೂ ಹಳೆಯದು. ಅದಕ್ಕೇನು ಮಾಡ್ತೀರಿ?”

“ಎರಡು ಹಾಳೆ,” ಎಂದೆ.

ಹನೂರಿನಲ್ಲಿ ಉಳಿದ ದಿನಗಳು ನಮಗೆ ತಾಲೀಮಾದವು. ಹಗಲು ರಟ್ಟಿನ ಮೇಲೆ ಇಪ್ಪತ್ತಮೂರು ಗುರುತು ಬರೆದೆವು: ಬಾಗಿಲು ಮುಚ್ಚಿತು, ಹಳದಿ, ಗಂಟೆ ಹೊಡೆಯಿತು, ಬಿಳಿ, ಬಿಂದಿಗೆ ತುಂಬಿತು, ಎರಡು ಹಳದಿ. ಹಾಳೆ ಸುರುಳದಂತೆ ಚೌಕಟ್ಟನ್ನು ಲೆನ್ಸಿನಿಂದ ಒಂದು ಗೇಣು ದೂರ ಹಿಡಿಯುವುದೆಂದು ಗೊತ್ತುಮಾಡಿದೆವು.

ಆಗಿನ್ನೂ ಯಳಂದೂರು ಮೈಸೂರು ಸೀಮೆ. ನಮ್ಮ ಕೊಳ್ಳೇಗಾಲ, ಹನೂರು ಮದರಾಸು ಸೀಮೆ. ಗಡಿ ದಾಟುವಾಗ ಸುಂಕದ ಕಟ್ಟೆಯವನು ಡಬ್ಬಿ ತಟ್ಟಿ, “ಎಂತಾ ಪಿಚ್ಚರ್?” ಎಂದ. ನಾನು ಬಾಯಿ ತೆರೆಯುವ ಮೊದಲೇ ಗೇಟಿನವನು, “ಕುದ್ರೆ ಐತೆ,” ಎಂದ. ಬಿಟ್ಟರು.

ಮೊದಲ ಸಂಜೆ ಪಕ್ಕದ ಹಳ್ಳಿ ಹೊನ್ನೂರಿನ ಕಡೆಯಿಂದ ನಾಲ್ಕೈದು ಗಾಡಿಗಳು ಬಂದು ನಿಂತವು. ಸಾಹುಕಾರರು ಬೆಂಚಿನ ಸಾಲಿನ ಕೊನೆಯಲ್ಲಿ, ನನ್ನ ಗೂಡಿಗೆ ಕೈ ಅಳತೆಯಲ್ಲಿ ಕುಳಿತರು. ಆಟಕ್ಕೆ ಮೊದಲು ಗೇಟಿನವನು ತೆರೆಯ ಮುಂದೆ ನಿಂತು ತಗಡಿನ ತುತ್ತೂರಿಯಲ್ಲಿ ಕೂಗಿದ:

“ಕೇಳ್ರಪ್ಪೋ, ಕೇಳ್ರವ್ವೋ! ಬೆಳ್ಳಗಿದ್ರೆ ಈಗಿನ್ ಕತೆ! ಅಳ್ದಿ ಬಂದ್ರೆ ಅಳೇ ಕತೆ! ಅಳ್ದಿ ಗಟ್ಟಿಯಾದ್ರೆ ಇನ್ನೂವೆ ಅಳೇ ಕತೆ! ಆಪರೇಟ್ರ ಮ್ಯಾಲೆ ಯಾರೂ ರೇಗ್ಬ್ಯಾಡಿ!”

ಕೊನೆಯ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.

ಜಡ್ಜಿ ಸತ್ತ. ಬಾಗಿಲು ಮುಚ್ಚಿತು. ರೆಪ್ರೆಸೆಂಟೇಟಿವ್ ಚೌಕಟ್ಟು ಇಳಿಸಿದರು. ತೆರೆ ಅರಿಸಿನದ ನೀರು ಹಾಯಿಸಿದಂತಾಯಿತು. ನೆಲದವರ ಕಡೆಯಿಂದ ಒಂದು ದನಿ, “ಅಳೇದು ಬಂತು,” ಎಂದಿತು. ಕೂಗಲ್ಲ, ಬಸ್ಸು ಬಂತು ಎಂದಂತೆ. ಗಂಟೆ ಹೊಡೆದು ತೆರೆ ಬೆಳ್ಳಗಾದಾಗ ಹೆಂಗಸರ ಕಡೆಯಿಂದ ಒಬ್ಬಳು ಪಕ್ಕದವಳಿಗೆ, “ನೋಡು, ಈಗ ತಿರ್ಗ ಸಾಯ್ತಾವ್ನೆ,” ಎಂದು ವಿವರಿಸಿದಳು. ಮದುವೆಯ ರೀಲಿಗೆ ಯಾರೂ ಶಿಳ್ಳೆ ಹಾಕಲಿಲ್ಲ. ಒಂಬತ್ತರಲ್ಲಿ ಎರಡು ಹಾಳೆ ಬಿದ್ದು ಹಳದಿ ಗಟ್ಟಿಯಾದಾಗ ಡೇರೆಯೆಲ್ಲ ಒಟ್ಟಾಗಿ “ಓ” ಎಂದಿತು. ನನ್ನ ಪಕ್ಕದಲ್ಲಿ ಚೌಕಟ್ಟು ಹಿಡಿದವರು ಪಿಸುಗುಟ್ಟಿದರು: “ನಲವತ್ತು ಸಲ ನೋಡಿದ್ದೀನಿ ಕಣ್ರೀ. ಬಾವಿಯ ಹತ್ತಿರ ತಾಯಿಯ ಪಕ್ಕ ನಿಲ್ಲುವ ಆ ಎರಡನೆಯ ಹೆಂಗಸು ಅವನ ಚಿಕ್ಕಮ್ಮ ಅಂತ ನನಗೆ ಈಗ ಗೊತ್ತಾಯಿತು.”

ಆಟ ಮುಗಿಯಿತು. ಯಾರೂ ಮಲಗಿರಲಿಲ್ಲ, ಯಾರೂ ಕುಣಿಯಲೂ ಇಲ್ಲ. ಧೂಳು ಕೊಡವಿಕೊಂಡು ಗಾಡಿಗಳ ಕಡೆ ಹೊರಟರು. ಹೊನ್ನೂರಿನ ರೈತರೊಬ್ಬರು ಮಾತ್ರ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಸೀದಾ ನನ್ನ ಗೂಡಿನ ಕಡೆ ಬಂದರು. ಸಾಹುಕಾರರು ಬೆಂಚಿನಿಂದ ಎದ್ದು ನಿಂತರು. ನಾನು ಬಿಸಿ ಕಾರ್ಬನ್ ಕಡ್ಡಿಯನ್ನು ಬರಿಗೈಯಲ್ಲಿ ಹಿಡಿದುಬಿಟ್ಟೆ.

“ಆಪರೇಟ್ರು ನೀವೇಯಾ?”

“ಹೌದು.”

“ಒಂದೂ ಬುಡ್ದಂಗೆ ಅರ್ಥ ಆಯ್ತು ಕಣ್ರಿ. ಯಾವುದ್ ಮೊದ್ಲು, ಯಾವುದ್ ಆಮೇಲೆ, ಎಲ್ಲಾನೂ.” ಅವರು ಒಮ್ಮೆ ತೆರೆಯ ಕಡೆ ನೋಡಿ, ನನ್ನ ಬಗ್ಗೆ ನಿಜವಾದ ಮರುಕದಿಂದ ಹೇಳಿದರು: “ನೀವು ಪಾಪ ಚೆಂದಾಗೇ ಓಡ್ಸಿದ್ದೀರಿ. ಪಿಚ್ಚರ್ರೇ ಚೆಂದಾಗಿಲ್ಲ.”

ಹದಿನೇಳು ವರ್ಷದಲ್ಲಿ ಅಂಥ ಹೊಗಳಿಕೆ ನನಗೆ ಸಿಕ್ಕಿರಲಿಲ್ಲ. ರೆಪ್ರೆಸೆಂಟೇಟಿವ್ ಮುಖ ಬೇರೆ ಕಡೆ ತಿರುಗಿಸಿದರು, ಆದರೆ ಅವರ ಹೆಗಲು ಅಲುಗುತ್ತಿತ್ತು. ಅತ್ತರೋ ನಕ್ಕರೋ ಕೇಳಲಿಲ್ಲ. ಸಾಹುಕಾರರು ಆ ರೈತರು ಹೋಗುವುದನ್ನೇ ನೋಡುತ್ತ ನಿಂತಿದ್ದು, ಆಮೇಲೆ ನನ್ನ ಹತ್ತಿರ ಬಂದರು.

“ಆ ಮೈಸೂರ್ನೋನು ಈ ವಾರದ ಕಡೀಕೆ ಬತ್ತೀನಿ ಅಂದವ್ನೆ. ಬರಬ್ಯಾಡ ಅಂತ ಕಾಗ್ದ ಬರೀಬೇಕು.” ಎರಡು ಹೆಜ್ಜೆ ಹೋಗಿ ತಿರುಗಿದರು. “ನಿಮ್ಮ ಅಕ್ಸರ ದುಂಡಗದೆ. ನೀವೇ ಬರ್ದುಬುಡಿ ಆಪರೇಟ್ರೇ. ನಾನು ರುಜು ಆಕ್ತೀನಿ.”

ಬೆಳಿಗ್ಗೆ ಎದ್ದು, ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಆ ಕಾಗದ ಬರೆದೆ. ‘ಸದ್ಯ ನಮ್ಮಲ್ಲಿ ಒಳ್ಳೆಯ ಆಪರೇಟರ್ ಇರುವುದರಿಂದ’ ಎಂದು ಬರೆದು, ಸಂಕೋಚವಾಗಿ ‘ಒಳ್ಳೆಯ’ ಎಂಬುದನ್ನು ಹೊಡೆದೆ. ಹೊಡೆದದ್ದು ಅಸಹ್ಯವಾಗಿ ಕಂಡಿತು. ಹೊಸ ಹಾಳೆ ತೆಗೆದು ‘ಒಳ್ಳೆಯ’ ಸಮೇತ ಮತ್ತೆ ಬರೆದೆ. ಸಾಹುಕಾರರು ಓದದೆಯೇ ರುಜು ಹಾಕಿದರು. ಯಳಂದೂರಿನ ಅಂಚೆ ಕಚೇರಿಗೆ ನಾನೇ ಹೋಗಿ ಡಬ್ಬಿಗೆ ಹಾಕಿ, ಒಳಗೆ ಬಿದ್ದ ಸದ್ದು ಕೇಳಿ, ಅಷ್ಟು ಸಾಲದೆಂದು ಅಂಚೆಯವನು ಬಂದು ಚೀಲಕ್ಕೆ ತುಂಬಿಕೊಂಡು ಮೈಸೂರು ಬಸ್ಸಿಗೆ ಏರಿಸುವವರೆಗೆ ಎದುರಿನ ಅರಳಿಕಟ್ಟೆಯ ಮೇಲೆ ಕುಳಿತಿದ್ದೆ. ಬಸ್ಸು ಹೊರಟ ಮೇಲೆ ಎದ್ದು ಹೋಗಿ ಎರಡು ಇಡ್ಲಿ ಹೆಚ್ಚಿಗೆ ತಿಂದೆ.